ಬೇಡದ ಗೇಟು ಅಂದ್ರೆ ಯಾರಿಗೆ ಬೇಡ? ನಮ್ಮೂರ ರೈಲ್ವೆ ಗೇಟ್ ಮುಚ್ಚಿದ ಕಥೆ

ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಶುರು ಮಾಡೋ ಮುಂಚೆ ಒಂದು ವಿನಂತಿ. ನೀವು ಇದನ್ನ ಇಯರ್‌ಫೋನ್ ಹಾಕ್ಕೊಂಡು ನಡೀತಾ ಕೇಳ್ತಿದ್ರೆ, ದಾರಿಯಲ್ಲಿ ರೈಲ್ವೆ ಹಳಿ ಸಿಕ್ಕಿದ್ರೆ, ದಯವಿಟ್ಟು ನನ್ನ ಮಾತನ್ನ ನಿಲ್ಲಿಸಿ. ಇಯರ್‌ಫೋನ್ ತೆಗೀರಿ. ಎರಡೂ ಕಡೆ ನೋಡಿ ದಾಟಿ. ಆಮೇಲೆ ಮುಂದೆ ಕೇಳಿ. ಯಾಕೆ ಹೀಗೆ ಹೇಳ್ತಿದೀನಿ ಅಂತ ಸ್ವಲ್ಪ ಹೊತ್ತಲ್ಲೇ ಗೊತ್ತಾಗುತ್ತೆ.

ನಾನು ಒಬ್ಬ ಗೇಟ್‌ಮ್ಯಾನ್ ಮಗಳು. ಅರಸೀಕೆರೆಯಿಂದ ಹುಬ್ಬಳ್ಳಿ ಕಡೆಗೆ ಹೋಗೋ ಜೋಡಿ ಹಳಿ ಇದೆಯಲ್ಲ, ಆ ಹಳಿ ಪಕ್ಕದ ಒಂದು ಸಣ್ಣ ಊರು ನಮ್ಮದು. ಹಳಿಯ ಈ ಕಡೆ ಊರು, ಶಾಲೆ, ಹಾಲಿನ ಡೈರಿ, ಬಸ್ ನಿಲ್ಲೋ ಜಾಗ. ಆ ಕಡೆ ತೆಂಗಿನ ತೋಟಗಳು, ರಾಗಿ ಹೊಲ, ಸ್ಮಶಾನ, ಮತ್ತೆ ಹದಿನಾಲ್ಕು ಮನೆಗಳ ಒಂದು ಕೇರಿ. ನಡುವೆ ಒಂದು ಗೇಟು. ಆ ಗೇಟಲ್ಲಿ ನಮ್ಮಪ್ಪ ಹನ್ನೊಂದು ವರ್ಷ ಡ್ಯೂಟಿ ಮಾಡಿದ್ರು.

ಆ ಗೇಟು ಈಗಿಲ್ಲ. ಅದನ್ನ ಮುಚ್ಚೋದು ಬೇಡ ಅಂತ ಕೂಗಿದವರಲ್ಲಿ ನಾನೂ ಒಬ್ಬಳು. ಆಮೇಲೆ ಮುಚ್ಚೋದೇ ಸರಿ ಅಂತ ಮನೆಮನೆಗೆ ಹೋಗಿ ಹೇಳಿದವರಲ್ಲೂ ನಾನೊಬ್ಬಳು. ನಡುವೆ ಏನಾಯ್ತು ಅನ್ನೋದೇ ಇವತ್ತಿನ ಮಾತು.

ಗೇಟ್ ಹಾಕೋದು ಅಂದ್ರೆ ಏನು

ನಮಗೆಲ್ಲ ರೈಲ್ವೆ ಗೇಟು ಅಂದ್ರೆ ಕಾಯೋ ಜಾಗ. ಬೈಕ್ ಆಫ್ ಮಾಡಿ ಫೋನ್ ತೆಗೆಯೋ ಜಾಗ. ಗೇಟಿನ ಒಳಗೆ ಕೂತವರಿಗೆ ಅದು ಹಾಗಲ್ಲ.

ನಮ್ಮಪ್ಪನ ಗುಮಟಿಯಲ್ಲಿ ಒಂದು ಫೋನು ಇತ್ತು. ರೈಲು ಬರೋ ಮುಂಚೆ ಸ್ಟೇಷನ್ ಮಾಸ್ಟರ್ ಫೋನ್ ಮಾಡ್ತಾರೆ. ಅಪ್ಪ ಗೇಟ್ ಹಾಕಿ, ಬೀಗ ಹಾಕಿ, ಒಂದು ಗುಟ್ಟಿನ ನಂಬರ್ ಹೇಳ್ತಾರೆ. ಅದಕ್ಕೆ ಪ್ರೈವೇಟ್ ನಂಬರ್ ಅಂತಾರೆ. ಎರಡೂ ಕಡೆ ಪುಸ್ತಕದಲ್ಲಿ ಬರ್ಕೋತಾರೆ. ಆ ನಂಬರ್ ಹೇಳಿದ್ರು ಅಂದ್ರೆ "ನನ್ನ ಗೇಟು ಮುಚ್ಚಿದೆ, ಇದಕ್ಕೆ ನಾನೇ ಜವಾಬ್ದಾರಿ" ಅಂತ ಅರ್ಥ.

ದೊಡ್ಡ ಗೇಟುಗಳಲ್ಲಿ ಇಂಟರ್‌ಲಾಕಿಂಗ್ ಇರುತ್ತೆ. ಅಂದ್ರೆ ಗೇಟು ಬೀಗ ಬೀಳದೆ ರೈಲಿಗೆ ಹಸಿರು ಸಿಗ್ನಲ್ ಬರೋದೇ ಇಲ್ಲ. ಮನುಷ್ಯ ಮರೆತರೂ ಯಂತ್ರ ಮರೆಯಲ್ಲ. ನಮ್ಮೂರ ಗೇಟಿಗೆ ಅದು ಇರಲಿಲ್ಲ. ಓಡಾಟ ಕಮ್ಮಿ ಇರೋ ಗೇಟು ನೋಡಿ. ಇದ್ದಿದ್ದು ಒಂದು ಫೋನು, ಒಂದು ಪುಸ್ತಕ, ಒಬ್ಬ ಮನುಷ್ಯ.

ಹಳಿ ಮೇಲೆ ಏನಾದ್ರೂ ಸಿಕ್ಕಿಹಾಕ್ಕೊಂಡ್ರೆ ಏನು ಮಾಡ್ಬೇಕು ಅಂತ ಅಪ್ಪ ನಂಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ರು. ಕೆಂಪು ಬಾವುಟ ಹಿಡಿದು ರೈಲು ಬರೋ ಕಡೆಗೇ ಓಡ್ಬೇಕು. 600 ಮೀಟರ್ ದೂರದಲ್ಲಿ ಹಳಿ ಮೇಲೆ ಒಂದು ಡಿಟೊನೇಟರ್ ಇಡ್ಬೇಕು, 1200 ಮೀಟರ್ ದೂರದಲ್ಲಿ ಮೂರು. ಗಾಲಿ ಹತ್ತಿದಾಗ ಅದು ಪಟಾಕಿ ಥರ ಸಿಡಿಯುತ್ತೆ, ಲೋಕೋ ಪೈಲಟ್‌ಗೆ ಗೊತ್ತಾಗುತ್ತೆ. ಯಾಕೆ ಅಷ್ಟು ದೂರ? ಗಂಟೆಗೆ 100 ಕಿಲೋಮೀಟರ್ ವೇಗ ಅಂದ್ರೆ ಒಂದು ಸೆಕೆಂಡಿಗೆ ಸುಮಾರು 28 ಮೀಟರ್. ಬ್ರೇಕ್ ಹಾಕಿದ್ರೂ ಅಷ್ಟು ಭಾರದ ರೈಲು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಓಡಿ ನಿಲ್ಲುತ್ತೆ. ಅದು ನಮ್ಮ ಬೈಕಿನ ಥರ ಅಲ್ಲ. ಲೋಕೋ ಪೈಲಟ್ ನಿಮ್ಮನ್ನ ನೋಡೋ ಹೊತ್ತಿಗೆ ಅವರ ಕೈಲಿ ಏನೂ ಉಳಿದಿರಲ್ಲ.

ನಿಜ ಹೇಳ್ತೀನಿ, ಇಷ್ಟೆಲ್ಲ ಗೊತ್ತಿದ್ದ ನಾನೇ ಪಿಯುಸಿ ಓದುವಾಗ ಅಪ್ಪ ಹಾಕಿದ ಗೇಟಿನ ಕೆಳಗೆ ಸ್ಕೂಟಿ ಬಗ್ಗಿಸಿ ನುಗ್ಗಿಸಿದೀನಿ. ಟ್ಯೂಷನ್‌ಗೆ ಲೇಟಾಗಿತ್ತು. ಅಪ್ಪ ನೋಡ್ತಾ ನಿಂತಿದ್ರು. ಮನೆಗೆ ಬಂದ ಮೇಲೆ ಬೈಯಲೂ ಇಲ್ಲ. "ನಿನ್ನ ನೋಡಿ ನಾಳೆ ಇನ್ನು ನಾಲ್ಕು ಜನ ನುಗ್ತಾರೆ" ಅಂದ್ರು ಅಷ್ಟೇ.

ಮ್ಯಾಪ್ ತಂದ ಸಭೆ

ಸುಮಾರು ಐದು ವರ್ಷದ ಹಿಂದಿನ ಮಾತು. ರೈಲ್ವೆಯವರು ಊರಿಗೆ ಬಂದ್ರು. ಪಂಚಾಯ್ತಿ ಮುಂದೆ ಶಾಮಿಯಾನ. ಬೆಳಿಗ್ಗೆ ಹನ್ನೊಂದು ಗಂಟೆ. ಅವರ ಕೈಲಿ ಒಂದು ಮ್ಯಾಪು. ಅವರ ಪ್ಲಾನ್ ಇಷ್ಟು: ನಮ್ಮ ಗೇಟಿನಿಂದ 900 ಮೀಟರ್ ಆಚೆ ಇನ್ನೊಂದು ಗೇಟಿದೆ. ಅಲ್ಲಿ ಹಳಿ ಕೆಳಗೆ ಅಂಡರ್‌ಪಾಸ್ ಕಟ್ತಾರೆ. ಹಳಿ ಪಕ್ಕದಲ್ಲೇ ಒಂದು ರಸ್ತೆ ಮಾಡಿ ನಮ್ಮ ಓಡಾಟವನ್ನ ಅಲ್ಲಿಗೆ ತಿರುಗಿಸ್ತಾರೆ. ಆಮೇಲೆ ಎರಡೂ ಗೇಟು ಬಂದ್.

ಅವರಲ್ಲಿ ಒಬ್ಬರು ಮೈಕ್ ಹಿಡಿದು ಹೇಳಿದ್ರು, "ಈ ಗೇಟನ್ನ ಯಾರೂ ಹೆಚ್ಚು ಬಳಸಲ್ಲ. ಇದು ಬೇಡದ ಗೇಟು."

ಮುಗೀತು ನೋಡಿ. ಆ ಒಂದು ಮಾತಿಗೆ ಸಭೆ ಎದ್ದು ನಿಂತಿತು. "ನಾವೇನು ಮನುಷ್ಯರಲ್ವಾ?" ಅಂತ ಒಬ್ಬರು. "ನಿಮ್ಮ ರೈಲು ಬರೋಕೆ ಮುಂಚೆ ನಮ್ಮ ದಾರಿ ಇತ್ತು" ಅಂತ ಇನ್ನೊಬ್ಬರು. ನಾವು ಕಾಲೇಜು ಹುಡುಗರು, ಹುಡುಗಿಯರು ಹಿಂದೆ ನಿಂತು ಘೋಷಣೆ ಕೂಗಿದ್ವಿ. ಅರ್ಧ ಗಂಟೆಯಲ್ಲಿ ಜೀಪು ಹೊರಟು ಹೋಯ್ತು. ನಾವು ಗೆದ್ವಿ ಅಂತ ವಾಟ್ಸ್ಯಾಪ್ ಸ್ಟೇಟಸ್ ಹಾಕಿದ್ವಿ.

ಅಪ್ಪ ಆ ಸಭೆಗೆ ಬರಲಿಲ್ಲ. ರೈಲ್ವೆ ನೌಕರ, ಊರಿನವರ ಪರ ಮಾತಾಡಿದ್ರೂ ಕಷ್ಟ, ವಿರುದ್ಧ ಮಾತಾಡಿದ್ರೂ ಕಷ್ಟ. ಅದಾಗಲೇ ಕೆಲವರು "ನಿಮ್ಮಪ್ಪನೇ ಬರೆದು ಕೊಟ್ಟಿರ್ಬೇಕು" ಅಂತ ನನ್ನ ಕಿವಿಗೆ ಬೀಳೋ ಹಾಗೆ ಹೇಳ್ತಿದ್ರು.

ಮೈಕಲ್ಲಿ ಹೇಳಿದ ಕಾರಣ ಬೇರೆ, ಮನಸ್ಸಲ್ಲಿದ್ದ ಕಾರಣ ಬೇರೆ ಅಂತ ನಂಗೆ ಆಮೇಲೆ ಅರ್ಥ ಆಯ್ತು. ಮೈಕಲ್ಲಿ ಎಲ್ರೂ ಹೇಳಿದ್ದು ಆಂಬುಲೆನ್ಸ್, ಶಾಲೆ, ರೈತರ ಹಿತ. ಮನಸ್ಸಲ್ಲಿ ಏನಿತ್ತು? ಹೆಣ ಹೊತ್ತುಕೊಂಡು 900 ಮೀಟರ್ ಆ ಕಡೆ, ಮತ್ತೆ 900 ಮೀಟರ್ ಈ ಕಡೆ ಹೋಗೋದು ಹೇಗೆ? ಪಕ್ಕದ ಊರಿನ ಅಂಡರ್‌ಪಾಸ್‌ನಲ್ಲಿ ಮಳೆಗಾಲದಲ್ಲಿ ಸೊಂಟದ ಮಟ್ಟ ನೀರು ನಿಲ್ಲೋದನ್ನ ಎಲ್ರೂ ನೋಡಿದ್ರು. ಗೇಟ್ ಪಕ್ಕದ ಟೀ ಅಂಗಡಿ ನಡೀತಿದ್ದದ್ದೇ ಗೇಟು ಹಾಕಿದಾಗ ನಿಲ್ಲೋ ಜನರಿಂದ. ಮತ್ತೆ ಎಲ್ಲಕ್ಕಿಂತ ದೊಡ್ಡದು: ಆ ಕಡೆಯ ಹದಿನಾಲ್ಕು ಮನೆಯವರು. ಅವರ ಮಕ್ಕಳ ಶಾಲೆ, ರೇಷನ್, ಡೈರಿ, ಕೂಲಿ, ಎಲ್ಲ ಈ ಕಡೆ. ಗೇಟು ಹೋದ್ರೆ ಅವರು ದ್ವೀಪದಲ್ಲಿ ಇದ್ದ ಹಾಗೆ. ಆದ್ರೆ ಅವತ್ತಿನ ಸಭೆಯಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ. ಹನ್ನೊಂದು ಗಂಟೆಗೆ ಅವರೆಲ್ಲ ಕೂಲಿಗೆ ಹೋಗಿರ್ತಾರೆ. ರೈಲ್ವೆಯವರು ಅವರನ್ನ ಕರೀಲಿಲ್ಲ. ನಾವೂ ಕರೀಲಿಲ್ಲ. ಇದನ್ನ ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ಲೇಬೇಕು.

ಎರಡನೇ ರೈಲು

ಆ ಸಭೆ ಆಗಿ ಮೂರು ತಿಂಗಳು. ಒಂದು ಸಂಜೆ, ಶಾಲೆ ಬಿಟ್ಟ ಹೊತ್ತು. ಗೇಟು ಹಾಕಿತ್ತು. ಅರಸೀಕೆರೆ ಕಡೆಗೆ ಒಂದು ಗೂಡ್ಸ್ ಗಾಡಿ ಹೋಯ್ತು. ಕೊನೆ ಡಬ್ಬಿ ದಾಟಿದ ತಕ್ಷಣ ಕೇರಿಯ ಒಬ್ಬಳು ಹುಡುಗಿ, ಏಳನೇ ಕ್ಲಾಸು, ಸೈಕಲ್ ಬಗ್ಗಿಸಿ ಗೇಟಿನ ಕೆಳಗೆ ನುಗ್ಗಿದಳು. ಇನ್ನೊಂದು ಹಳಿಯಲ್ಲಿ ಎಕ್ಸ್‌ಪ್ರೆಸ್ ಬರ್ತಿತ್ತು. ಗೂಡ್ಸ್ ಗಾಡಿಯ ಸದ್ದಲ್ಲಿ ಅದರ ಸದ್ದು ಕೇಳಿಸಲಿಲ್ಲ, ಅದರ ಉದ್ದಕ್ಕೆ ಮರೆಯಾಗಿ ಕಾಣಿಸಲೂ ಇಲ್ಲ.

ಅಪ್ಪ ಕೂಗಿದ ಕೂಗು ಡೈರಿ ತನಕ ಕೇಳಿಸ್ತಂತೆ. ಹುಡುಗಿ ಸೈಕಲ್ ಬಿಟ್ಟು ಹಿಂದಕ್ಕೆ ಬಿದ್ದಳು. ಸೈಕಲ್ ಹೋಯ್ತು. ಅವಳು ಉಳಿದಳು.

ನಮ್ಮೂರಲ್ಲಿ ಹಳಿ ಜೋಡಿಯಾಗಿ ಎಷ್ಟೋ ವರ್ಷ ಆಗಿದೆ. ಆದ್ರೆ ನಮ್ಮ ಕಾಲಿನ ಅಭ್ಯಾಸ ಇನ್ನೂ ಒಂಟಿ ಹಳಿಯದೇ. ರೈಲು ಹೋಯ್ತಾ, ಸರಿ, ದಾಟು. ಜೋಡಿ ಹಳಿಯಲ್ಲಿ ಪ್ರಾಣ ತೆಗೆಯೋದು ನಾವು ಕಾಯ್ತಾ ಇದ್ದ ರೈಲಲ್ಲ, ಅದರ ಹಿಂದೆ ಬರೋ ಎರಡನೇದು.

ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಜಗಲಿ ಮೇಲೆ ಕೂತು ಹೇಳಿದ್ರು: "ಹನ್ನೊಂದು ವರ್ಷದಲ್ಲಿ ಒಂದು ದಿನ ಒಂದು ನಿಮಿಷ ನನ್ನ ಕಣ್ಣು ಹತ್ತಿದ್ರೆ ಏನಾಗ್ತಿತ್ತು? ಈ ಗೇಟು ಮುಚ್ಚೋದೇ ಒಳ್ಳೇದು ಕಣೇ." ಗೇಟು ಮುಚ್ಚಿದ್ರೆ ಅವರಿಗೆ ಬೇರೆ ಎಲ್ಲಿಗೋ ವರ್ಗ. ಅದು ಗೊತ್ತಿದ್ದೇ ಆ ಮಾತು ಹೇಳಿದ್ರು.

ಆಮೇಲೆ ನಾನು ಓದೋಕೆ ಶುರು ಮಾಡಿದೆ. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶಿನಗರದಲ್ಲಿ ಕಾವಲಿಲ್ಲದ ಗೇಟಲ್ಲಿ ಶಾಲಾ ವ್ಯಾನಿಗೆ ರೈಲು ಹೊಡೆದು 13 ಮಕ್ಕಳು ತೀರಿಕೊಂಡ್ರು. ವ್ಯಾನ್ ಡ್ರೈವರ್ ಇಯರ್‌ಫೋನ್ ಹಾಕ್ಕೊಂಡಿದ್ದ ಅಂತ ಆಗ ವರದಿಯಾಗಿತ್ತು. ನಾನು ಶುರುವಲ್ಲೇ ವಿನಂತಿ ಮಾಡಿದ್ದು ಇದಕ್ಕೇ. ಅದಕ್ಕೂ ಮುಂಚೆ, 2014ರ ಜುಲೈನಲ್ಲಿ ತೆಲಂಗಾಣದ ಮಾಸಾಯಿಪೇಟೆಯಲ್ಲಿ ಹೀಗೇ ಒಂದು ಶಾಲಾ ಬಸ್ಸು. 2012ರಲ್ಲೇ ಅನಿಲ್ ಕಾಕೋಡ್ಕರ್ ಸಮಿತಿ ಐದು ವರ್ಷದೊಳಗೆ ಎಲ್ಲ ಲೆವೆಲ್ ಕ್ರಾಸಿಂಗ್‌ಗಳನ್ನೂ ತೆಗೆದುಬಿಡಿ, ಕಾವಲಿರೋದನ್ನೂ ತೆಗೀರಿ, ಅದಕ್ಕೆ ಸುಮಾರು 50,000 ಕೋಟಿ ರೂಪಾಯಿ ಬೇಕಾಗುತ್ತೆ ಅಂತ ಹೇಳಿತ್ತು. ಕುಶಿನಗರದ ನಂತರ ಕೆಲಸ ಜೋರಾಯ್ತು. 2019ರ ಜನವರಿ ಕೊನೆ ಹೊತ್ತಿಗೆ ಬ್ರಾಡ್‌ಗೇಜ್ ಹಳಿಗಳಲ್ಲಿ ಕಾವಲಿಲ್ಲದ ಗೇಟುಗಳೆಲ್ಲ ಇಲ್ಲವಾದವು. ಆದ್ರೆ ಕಾವಲಿರೋ ಗೇಟುಗಳು ದೇಶದಲ್ಲಿ ಇನ್ನೂ ಸುಮಾರು 17 ಸಾವಿರ ಇವೆ.

ಲೆಕ್ಕದಲ್ಲಿ ಇಲ್ಲದವರು

ಆ ಸೈಕಲ್ ಘಟನೆ ಆದ ಮೇಲೆ ರೈಲ್ವೆಯಿಂದ ಇನ್ನೊಬ್ಬ ಇಂಜಿನಿಯರ್ ಬಂದ್ರು. ಚಿಕ್ಕ ವಯಸ್ಸು. ಈ ಸಲ ಮ್ಯಾಪ್ ಇಲ್ಲ, ಶಾಮಿಯಾನ ಇಲ್ಲ. ಬೆಳಗಿನ ಜಾವ ಬಂದು ಅಪ್ಪನ ಗುಮಟಿ ಮುಂದೆ ಸ್ಟೂಲ್ ಹಾಕ್ಕೊಂಡು ಕೂತ್ರು. ನಾನು ಜಗಳಕ್ಕೇ ಹೋದೆ. "ನಮ್ಮ ಗೇಟು ಬೇಡದ್ದು ಅಂತ ಹೇಗೆ ಹೇಳಿದ್ರಿ?" ಅಂದೆ. ಅವರು ಪೇಪರ್ ತೆಗೆದು ಲೆಕ್ಕ ತೋರಿಸಿದ್ರು.

ಆ ಲೆಕ್ಕಕ್ಕೆ ಟಿವಿಯು ಅಂತಾರೆ, ಟ್ರೇನ್ ವೆಹಿಕಲ್ ಯೂನಿಟ್. ಏಳು ದಿನ ಎಣಿಸಿ ಸರಾಸರಿ ತೆಗೀತಾರೆ. ಒಂದು ದಿನಕ್ಕೆ ಎಷ್ಟು ರೈಲು, ಎಷ್ಟು ಗಾಡಿ, ಎರಡನ್ನೂ ಗುಣಿಸ್ತಾರೆ. ಕಾರು, ಲಾರಿ, ಎತ್ತಿನ ಗಾಡಿಗೆ ಒಂದು. ಆಟೋಗೆ ಅರ್ಧ. ಬೈಕಿಗೆ ಕಾಲು. ಉದಾಹರಣೆಗೆ 40 ರೈಲು, 20 ಗಾಡಿ ಅಂದ್ರೆ 800. ಒಂದು ಲಕ್ಷ ದಾಟಿದ್ರೆ ಮೇಲ್ಸೇತುವೆಗೆ ಅರ್ಹ. ತೀರಾ ಕಮ್ಮಿ ಇದ್ರೆ ಮುಚ್ಚೋದು, ಇಲ್ಲಾ ಪಕ್ಕದ ಗೇಟಿಗೆ ಸೇರಿಸೋದು.

ನಾನು ಕೇಳಿದೆ, "ನಡೆದು ಹೋಗೋರಿಗೆ ಎಷ್ಟು?"

ಅವರು ಸುಮ್ಮನಾದ್ರು. ಸೊನ್ನೆ. ನಡೆದು ಹೋಗೋರು ಈ ಗುಣಾಕಾರದಲ್ಲಿ ಬರಲ್ಲ.

ನೋಡಿ, ಅಲ್ಲೇ ಗಂಟು ಬಿಚ್ಚಿದ್ದು. ಅವರು ಸುಳ್ಳು ಹೇಳಿರಲಿಲ್ಲ. ಗಾಡಿ ಲೆಕ್ಕದಲ್ಲಿ ನಮ್ಮದು ನಿಜಕ್ಕೂ ಬೇಡದ ಗೇಟು. ನಾವೂ ಸುಳ್ಳು ಹೇಳಿರಲಿಲ್ಲ. ಕಾಲಿನ ಲೆಕ್ಕದಲ್ಲಿ ಅದು ನಮ್ಮ ಊರಿನ ಹೆಬ್ಬಾಗಿಲು. ಎರಡು ಕಡೆಯವರೂ ಬೇರೆ ಬೇರೆ ಲೆಕ್ಕ ಇಟ್ಕೊಂಡು ಜಗಳ ಆಡ್ತಿದ್ವಿ.

ಆ ಇಂಜಿನಿಯರ್ ಹೇಳಿದ್ರು, "ಸರಿ, ಎಣಿಸೋಣ." ಒಂದು ವಾರ ನಾನು ಮತ್ತೆ ಇಬ್ಬರು ಗೆಳತಿಯರು ಸರದಿ ಮೇಲೆ ಕೂತು ಎಣಿಸಿದ್ವಿ. ಬರೀ ಎಷ್ಟು ಜನ ಅಂತಲ್ಲ. ಯಾರು, ಎಷ್ಟೊತ್ತಿಗೆ, ಯಾತಕ್ಕೆ. ದಿನಕ್ಕೆ ಗಾಡಿ ಇಪ್ಪತ್ತು ದಾಟಲಿಲ್ಲ. ನಡೆದು, ಸೈಕಲ್ ಹೊಡ್ಕೊಂಡು ದಾಟಿದವರು ನೂರ ನಲವತ್ತು ಸಲ. ಅದರಲ್ಲಿ ಮುಕ್ಕಾಲು ಪಾಲು ಆ ಹದಿನಾಲ್ಕು ಮನೆಯವರೇ. ಬೆಳಿಗ್ಗೆ ಆರರಿಂದ ಏಳು ಹಾಲು. ಎಂಟೂವರೆಯಿಂದ ಒಂಬತ್ತೂವರೆ ಮಕ್ಕಳು. ಸಂಜೆ ಮತ್ತೆ ಮಕ್ಕಳು, ಮತ್ತೆ ಹಾಲು, ಕುರಿ. ನಾವು ಮೈಕಲ್ಲಿ ಕೂಗಿದ ಆಂಬುಲೆನ್ಸ್ ಆ ವಾರ ಒಂದು ಸಲವೂ ಬರಲಿಲ್ಲ.

ಹಳಿಯ ಆ ಕಡೆ ನಡೆದ ಸಭೆ

ಎರಡನೇ ಸಭೆ ನಡೆದಿದ್ದು ಹಳಿಯ ಆ ಕಡೆ, ಕೇರಿಯ ಅರಳಿ ಕಟ್ಟೆ ಹತ್ತಿರ. ಸಂಜೆ ಏಳೂವರೆಗೆ, ಡೈರಿಗೆ ಹಾಲು ಹಾಕಿ ಬಂದ ಮೇಲೆ. ಅವತ್ತು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಆ ಸೈಕಲ್ ಹುಡುಗಿಯ ಅಮ್ಮನೂ ಬಂದಿದ್ರು.

ಇಂಜಿನಿಯರ್ ಮೊದಲ ಮಾತೇ, "ನಾವು ಬೇಡದ ಗೇಟು ಅಂದಿದ್ದು ತಪ್ಪಾಯ್ತು. ಈ ಗೇಟು ನಿಮಗೆ ಯಾತಕ್ಕೆ ಬೇಕು ಅಂತ ಹೇಳಿ, ಅದೆಲ್ಲ ಬೇರೆ ದಾರಿಯಲ್ಲಿ ಆಗುತ್ತಾ ನೋಡೋಣ" ಅಂತ.

ಮಾತಿನ ದಿಕ್ಕೇ ಬದಲಾಯ್ತು. ಗೇಟು ಬೇಕಾ ಬೇಡ್ವಾ ಅಂತ ಕೇಳಿದ್ರೆ ಯಾರಾದ್ರೂ ಬೇಕು ಅಂತಾರೆ. ಗೇಟಿನಿಂದ ಏನು ಬೇಕು ಅಂತ ಕೇಳಿದ್ರೆ ಉತ್ತರ ಬೇರೆ ಬರುತ್ತೆ. ಸೈಕಲ್ ಹುಡುಗಿಯ ಅಮ್ಮ ಹೇಳಿದ್ರು, "ನಂಗೆ ಗೇಟು ಬೇಡ. ನನ್ನ ಮಗು ಮಳೇಲಿ ನೆನೆಯದೆ, ಕತ್ತಲಲ್ಲಿ ಹೆದರದೆ, ರೈಲಿಗೆ ಸಿಗದೆ ಶಾಲೆಗೆ ಹೋಗಿ ಬರೋ ದಾರಿ ಬೇಕು." ಅದನ್ನ ಹಾಗೇ ಬರ್ಕೊಂಡ್ರು.

ಹಾಲಿನ ವಿಷಯಕ್ಕೆ ಬಂದ್ರೆ, ಡೈರಿಯ ಗಾಡಿ ಕೇರಿಗೇ ಬಂದು ಹಾಲು ತಗೊಂಡು ಹೋಗಲಿ ಅಂತ ಡೈರಿಯವರು ಒಪ್ಪಿದ್ರು. ಒಂದೇ ಏಟಿಗೆ ಬೆಳಿಗ್ಗೆ ಸಂಜೆ ಅಷ್ಟು ಓಡಾಟ ಉಳೀತು. ಇದು ರೈಲ್ವೆ ಕೆಲಸವೇ ಅಲ್ಲ, ಆದ್ರೆ ಎಣಿಸದೇ ಇದ್ದಿದ್ರೆ ಯಾರಿಗೂ ಹೊಳೀತಾ ಇರಲಿಲ್ಲ.

ಅಂಡರ್‌ಪಾಸ್ ಎತ್ತರದ ಮೇಲೆ ದೊಡ್ಡ ವಾದ ಆಯ್ತು. ಅವರು ಡ್ರಾಯಿಂಗ್ ತೋರಿಸಿದ್ರು, ನಮ್ಮವರು ನಂಬಲಿಲ್ಲ. ಕೊನೆಗೆ ಒಬ್ಬ ರೈತ ರಾಗಿ ಹುಲ್ಲು ಹೇರಿದ ಟ್ರ್ಯಾಕ್ಟರನ್ನೇ ತಂದು ನಿಲ್ಲಿಸಿದ್ರು. ಟೇಪ್ ಹಿಡಿದು ಅಳತೆ ಮಾಡಿದ್ರು. ಹುಲ್ಲಿನ ಮೇಲಿನ ಎರಡು ಸಾಲು ಇಳಿಸಿದ್ರೆ ಹೋಗುತ್ತೆ ಅಂತ ಆಯ್ತು. "ಎರಡು ಸಾಲು ತಾನೇ, ಇಳಿಸೋಣ ಬಿಡಿ" ಅಂದ್ರು ಅವರೇ. ಅದನ್ನೇ ಅಧಿಕಾರಿ ಹೇಳಿದ್ರೆ ಜಗಳ ಆಗಿರೋದು.

ಸ್ಮಶಾನದ ಮಾತು ಎತ್ತಿದಾಗ ಸಭೆ ತಣ್ಣಗಾಯ್ತು. ಪಕ್ಕದ ಗೇಟಿನ ರಸ್ತೆ ಕಡೆಯಿಂದ ಸ್ಮಶಾನಕ್ಕೆ ಒಂದು ಹಳೇ ಬಂಡಿ ಜಾಡು ಇತ್ತು, ಮುಳ್ಳು ಬೆಳೆದು ಮುಚ್ಚಿ ಹೋಗಿತ್ತು. ಅದನ್ನ ಬಿಡಿಸಿಕೊಡೋದು ಪಂಚಾಯ್ತಿ ಜವಾಬ್ದಾರಿ ಅಂತ ಬರೆದ್ರು.

ಕೊನೆಗೆ ನೀರಿನ ಭಯ. ಇದಕ್ಕೆ ಯಾರ ಬಾಯಿ ಮಾತನ್ನೂ ಯಾರೂ ನಂಬೋಕೆ ತಯಾರಿರಲಿಲ್ಲ. ಒಬ್ಬ ಅಜ್ಜಿ ಎದ್ದು ನಿಂತು ಹೇಳಿದ ಮಾತು ಇಡೀ ಸಭೆಯ ತೀರ್ಮಾನ ಆಯ್ತು: "ಮೊದ್ಲು ಅದನ್ನ ಕಟ್ಟಿ. ಒಂದು ಮಳೆಗಾಲ ನೋಡ್ತೀವಿ. ಆಮೇಲೆ ಇದನ್ನ ಮುಚ್ಚಿ."

ಇಷ್ಟೇ. ಹೊಸ ದಾರಿ ತೆರೆದು, ಒಂದು ಮಳೆಗಾಲ ಪರೀಕ್ಷೆ ಆದ ಮೇಲೆ ಹಳೇ ದಾರಿ ಬಂದ್. ಇದನ್ನ ಗ್ರಾಮ ಸಭೆಯ ನಡಾವಳಿಯಲ್ಲಿ ಬರೆಸಿದ್ವಿ. ಪಂಪ್ ಯಾರು ಇಡಬೇಕು, ಅದಕ್ಕೆ ಕರೆಂಟ್ ಬಿಲ್ ಯಾರು ಕಟ್ಟಬೇಕು, ಮೋರಿ ಹೂಳು ಯಾರು ಯಾವ ತಿಂಗಳಲ್ಲಿ ತೆಗೀಬೇಕು, ಬೀದಿ ದೀಪ ಎಷ್ಟು, ಎಲ್ಲ ಬರೆಸಿದ್ವಿ. ಅದರ ನಂತರವೇ ಒಪ್ಪಿಗೆ ಪತ್ರ ತಾಲ್ಲೂಕು, ಜಿಲ್ಲಾ ಕಚೇರಿಗೆ ಹೋಗಿದ್ದು.

ಮಳೆಗಾಲ

ಅಂಡರ್‌ಪಾಸ್ ಆಯ್ತು. ರಸ್ತೆ ಆಯ್ತು, ಇಬ್ಬರ ತೋಟದ ಅಂಚು ಹೋಯ್ತು, ಪರಿಹಾರ ಬಂತು, ಆದ್ರೆ ತೆಂಗಿನ ಮರ ಕಡಿಯುವಾಗ ಒಬ್ಬರು ಅತ್ತಿದ್ದನ್ನ ನಾನು ನೋಡಿದೀನಿ. ಮೊದಲನೇ ಜೋರು ಮಳೆ ಬಿತ್ತು. ಬೆಳಿಗ್ಗೆ ಹೋಗಿ ನೋಡಿದ್ರೆ ಮೊಣಕಾಲು ಮಟ್ಟ ನೀರು!

ಆ ದಿನ ಹಳೇ ಗೇಟು ಮುಚ್ಚಿದ್ದಿದ್ರೆ ಏನಾಗ್ತಿತ್ತು ಯೋಚನೆ ಮಾಡಿ. ಮಕ್ಕಳು ಹಳಿ ಮೇಲೆ ಹತ್ತಿ ದಾಟ್ತಿದ್ರು, ಅಪ್ಪನೂ ಇಲ್ಲ, ಗೇಟೂ ಇಲ್ಲ. ಮೊದಲಿಗಿಂತ ಅಪಾಯ. ಆದ್ರೆ ಗೇಟು ಇನ್ನೂ ಇತ್ತು. ಎಲ್ರೂ ಹಳೇ ದಾರಿಯಲ್ಲೇ ಹೋದ್ರು. ನಾವು ಫೋಟೋ ತೆಗೆದು ಕಳಿಸಿದ್ವಿ. ಎರಡು ವಾರದಲ್ಲಿ ಇಳಿಜಾರಿನ ಬಾಯಲ್ಲಿ ಅಡ್ಡ ಚರಂಡಿ ತೆಗೆದು ಮೇಲಿನ ನೀರು ಒಳಗೆ ಇಳಿಯದ ಹಾಗೆ ಮಾಡಿದ್ರು, ಮೋರಿ ಅಗಲ ಮಾಡಿದ್ರು. ಆಮೇಲಿನ ಮಳೆಗಳಲ್ಲಿ ಪಾದ ಮುಳುಗೋ ಅಷ್ಟು ನಿಂತಿದೆ, ಒಂದೆರಡು ಗಂಟೆಯಲ್ಲಿ ಇಳಿದಿದೆ.

ಆ ವರ್ಷ ಮಾಗಿ ಚಳಿಯಲ್ಲಿ ಗೇಟು ಮುಚ್ಚಿತು. ಕೊನೆ ರಾತ್ರಿ ಡ್ಯೂಟಿ ಅಪ್ಪನದೇ. ಬೆಳಿಗ್ಗೆ ಕೊನೆ ಪ್ರೈವೇಟ್ ನಂಬರ್ ಹೇಳಿ, ಪುಸ್ತಕದಲ್ಲಿ ಬರೆದು, ಸಹಿ ಹಾಕಿ ಮುಚ್ಚಿದ್ರು. ದಾರಿಗೆ ಅಡ್ಡ ಕಂಬ ನೆಟ್ಟು ಗುಂಡಿ ತೋಡಿದ್ರು. ಟೀ ಅಂಗಡಿಯವರು ಅವತ್ತು ಯಾರ ಹತ್ರನೂ ಕಾಸು ತಗೊಳ್ಳಲಿಲ್ಲ. ಈಗ ಅವರ ಅಂಗಡಿ ಅಂಡರ್‌ಪಾಸ್ ಹತ್ರ ಇದೆ, ಆದ್ರೆ ಅಲ್ಲಿ ಯಾರೂ ನಿಲ್ಲಲ್ಲ, ವ್ಯಾಪಾರ ಅಷ್ಟಕ್ಕಷ್ಟೆ. ಅಪ್ಪ ಬೇರೆ ಕಡೆ ಇಂಟರ್‌ಲಾಕಿಂಗ್ ಇರೋ ಗೇಟಿಗೆ ಹೋದ್ರು. ಕೇರಿಯವರಿಗೆ ದಾರಿ ದೂರ ಆಗಿದೆ, ಅದು ನಿಜ. ಬೀದಿ ದೀಪಗಳಲ್ಲಿ ಎರಡು ಕೆಟ್ಟು ನಿಂತಾಗ ನಾವೇ ಪಂಚಾಯ್ತಿ ಮುಂದೆ ಕೂತು ಹಾಕಿಸಿಕೊಂಡಿದೀವಿ. ಎಲ್ಲ ಸುಖಾಂತ್ಯ ಅಂತ ನಾನು ಹೇಳಲ್ಲ. ಆದ್ರೆ ಆ ಸೈಕಲ್ ಹುಡುಗಿ ಈಗ ಕಾಲೇಜಿಗೆ ಹೋಗ್ತಿದಾಳೆ.

ನಿಮ್ಮೂರಿಗೂ ಬರಬಹುದು

ಈ ಕಥೆ ಯಾಕೆ ಹೇಳಿದೆ ಅಂದ್ರೆ, ಇದು ಬರೀ ನಮ್ಮೂರ ಮಾತಲ್ಲ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಹತ್ತಿರ ಸೆಮ್ಮಂಗುಪ್ಪಂ ಅನ್ನೋ ಕಡೆ ಶಾಲಾ ವ್ಯಾನಿಗೆ ರೈಲು ಹೊಡೆದು ಮೂವರು ವಿದ್ಯಾರ್ಥಿಗಳು ತೀರಿಕೊಂಡ್ರು. ಕಾವಲಿದ್ದ ಗೇಟು ಅದು. ಇಂಟರ್‌ಲಾಕಿಂಗ್ ಇರಲಿಲ್ಲ. ನಮ್ಮಪ್ಪನ ಗೇಟಿನ ಥರದ್ದೇ. ಅಲ್ಲಿ ಅಂಡರ್‌ಪಾಸ್ ಮಂಜೂರಾಗಿದೆ, ಜಿಲ್ಲಾಡಳಿತದ ಒಪ್ಪಿಗೆ ಒಂದು ವರ್ಷದಿಂದ ಬಂದಿಲ್ಲ ಅಂತ ರೈಲ್ವೆ ಆಗ ಹೇಳಿತು. ಆ ಸುದ್ದಿ ಓದಿದಾಗ ನಂಗೆ ನಮ್ಮ ಮೊದಲನೇ ಸಭೆ ನೆನಪಾಯ್ತು. ಒಪ್ಪಿಗೆ ಅನ್ನೋದು ಒಂದು ಕಾಗದ ಅಂದ್ಕೊಂಡಿರ್ತೀವಿ. ಅದು ತಡ ಆದಷ್ಟು ದಿನ ಒಬ್ಬ ಮನುಷ್ಯನ ಎಚ್ಚರದ ಮೇಲೆ ಎಲ್ಲರ ಪ್ರಾಣ ನಿಂತಿರುತ್ತೆ. ಆ ಅಪಘಾತ ಆದ ಮೇಲೆ ಇಂಟರ್‌ಲಾಕಿಂಗ್ ಹಾಕೋ ಮಿತಿಯನ್ನ 20,000 ಟಿವಿಯುನಿಂದ 10,000ಕ್ಕೆ ಇಳಿಸಿದ್ರು. ಒಳ್ಳೇದೇ. ಆದ್ರೆ ಅದಕ್ಕಿಂತ ಕಮ್ಮಿ ಓಡಾಟ ಇರೋ ಸಣ್ಣ ಗೇಟುಗಳು ಉಳಿದೇ ಇವೆ.

ಅಮೆರಿಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕ್ರಾಸಿಂಗ್ ಇವೆ. ಅಲ್ಲೂ ಬೇಡದ್ದನ್ನ ಮುಚ್ಚೋಕೆ ಹೋದಾಗೆಲ್ಲ ಊರಿನವರ ವಿರೋಧ. ಮುಚ್ಚೋಕೆ ಒಪ್ಪಿದ ಊರಾಡಳಿತಕ್ಕೆ ಸರ್ಕಾರದಿಂದ ಪ್ರೋತ್ಸಾಹ ಧನ ಕೊಡೋ ಕಾನೂನು ಇದೆ. ಮೊದಲು ಒಂದು ಕ್ರಾಸಿಂಗ್‌ಗೆ 7,500 ಡಾಲರ್ ತನಕ ಇತ್ತು, 2021ರಲ್ಲಿ ಒಂದು ಲಕ್ಷ ಡಾಲರ್ ತನಕ ಏರಿಸಿದ್ರು. ದುಡ್ಡಿರೋ ದೇಶದಲ್ಲೂ ಊರನ್ನ ಒಪ್ಪಿಸೋದು ಸುಲಭದ ಕೆಲಸ ಅಲ್ಲ ಅಂತ ಇದರಿಂದ ಗೊತ್ತಾಗುತ್ತೆ.

ಹಾಗಾದ್ರೆ ನಾಳೆ ನಿಮ್ಮೂರಿಗೆ ಮ್ಯಾಪ್ ಹಿಡ್ಕೊಂಡು ಯಾರಾದ್ರೂ ಬಂದ್ರೆ ಏನು ಮಾಡ್ಬೇಕು? ಘೋಷಣೆ ಕೂಗೋ ಮುಂಚೆ ಐದು ಪ್ರಶ್ನೆ ಕೇಳಿ.

ಒಂದು, ನಡೆದು ಹೋಗೋರನ್ನ ಎಣಿಸಿದೀರಾ? ಇಲ್ಲ ಅಂದ್ರೆ ನೀವೇ ಎಣಿಸಿ. ಒಂದು ನೋಟ್‌ಬುಕ್, ಒಂದು ವಾರ ಸಾಕು.

ಎರಡು, ಹೆಚ್ಚು ದಾಟೋರು ಯಾರೋ ಅವರು ಈ ಸಭೆಯಲ್ಲಿ ಇದಾರಾ? ಇಲ್ಲ ಅಂದ್ರೆ ಸಭೆಯ ಜಾಗ, ಹೊತ್ತು ಎರಡೂ ಬದಲಾಯಿಸಿ.

ಮೂರು, ಹೊಸ ದಾರಿ ಮೊದಲಾ, ಹಳೇ ದಾರಿ ಮುಚ್ಚೋದು ಮೊದಲಾ? ನಡುವೆ ಒಂದು ಮಳೆಗಾಲ ಇದೆಯಾ?

ನಾಲ್ಕು, ನೀರು, ದೀಪ, ಹೂಳು. ಯಾರ ಜವಾಬ್ದಾರಿ ಅಂತ ಬರೆದು ಕೊಡ್ತೀರಾ?

ಐದನೇ ಪ್ರಶ್ನೆ ನಮಗೆ ನಾವೇ ಕೇಳ್ಕೋಬೇಕು. ನಂಗೆ ಬೇಕಾಗಿರೋದು ಗೇಟಾ, ಅಥವಾ ಆ ಕಡೆಗೆ ಸುರಕ್ಷಿತವಾಗಿ ಹೋಗೋ ದಾರಿಯಾ?

ಮುಗಿಸೋ ಮುಂಚೆ ಇನ್ನೊಂದು ಮಾತು. ನಿಮ್ಮೂರ ಗೇಟು ಇನ್ನೂ ಇದ್ರೆ, ಅದು ಹಾಕಿರೋವಾಗ ಬೈಕ್ ಬಗ್ಗಿಸಬೇಡಿ. ಹಾಕಿರೋ ಗೇಟನ್ನ ಮುರಿದು ಹೋದ್ರೆ ರೈಲ್ವೆ ಕಾಯ್ದೆ ಪ್ರಕಾರ ಐದು ವರ್ಷದ ತನಕ ಜೈಲು ಇದೆ. ಅದಿರಲಿ. ಗುಮಟಿ ಒಳಗೆ ನಮ್ಮಪ್ಪನಂಥ ಒಬ್ಬರು ಕೂತಿರ್ತಾರೆ. ನೀವು ನುಗ್ಗಿದಾಗ ಅವರು ಏನೂ ಮಾಡೋಕಾಗಲ್ಲ, ಬರೀ ನೋಡ್ತಾರೆ. ಆ ರಾತ್ರಿ ಅವರಿಗೆ ಅನ್ನ ಸೇರಲ್ಲ.

ಒಂದು ರೈಲು ಹೋಯ್ತು ಅಂತ ದಾಟಬೇಡಿ. ಎರಡನೇದು ಇದೆಯಾ ನೋಡಿ.